ಟಿಮ್ ಹೆಸರಿಗೆ ಓಗೊಟ್ಟವರು

2018ರ ಜನವರಿ. ಆಗ ನಾನು ಐರ್ಲೆಂಡಿನ ಕಾರ್ಕ್ ಕೌಂಟಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ಸ್ಥಳೀಯ ಇತಿಹಾಸ ವಿಭಾಗದ ಆರ್ಕೈವ್ಸ್ ಅಸಿಸ್ಟೆಂಟ್ ಆಗಿದ್ದೆ. ಆರ್ಕೈವ್ಸ್ ಎಂದರೆ ದೊಡ್ಡ ಹೆಸರು, ಸರಳವಾಗಿ ಹೇಳುವುದಾದರೆ ಹಳೆಯ ಕಾಗದಗಳ ಉಗ್ರಾಣ. ಊರಿನವರು ಅಟ್ಟದಿಂದ ಇಳಿಸಿ ತಂದುಕೊಡುವ ಪತ್ರ, ಫೋಟೊ, ಲೆಜರ್ ಪುಸ್ತಕಗಳ ಧೂಳು ಒರೆಸಿ, ಪಟ್ಟಿ ಮಾಡಿ, ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಒಂಬತ್ತು ವರ್ಷ ದುಡಿದವಳು ನಾನು. ನನ್ನ ಗಂಡ ಸುರೇಶ್ ಅವರಿಗೆ ಕಾರ್ಕ್ ನಗರದ ಅಂಚಿನ ಲಿಟಲ್ ಐಲ್ಯಾಂಡಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದು, ಮೊದಲ ಕೆಲವು ವರ್ಷ ಮನೆಯಲ್ಲೇ ಕೂತು, ಆಮೇಲೆ ಈ ನೌಕರಿ ಹಿಡಿದೆ. ಈಗ ನಿವೃತ್ತಳಾಗಿದ್ದೇನೆ. ಹದಿನಾರು ವರ್ಷದ ಆ ಕೆಲಸದಲ್ಲಿ ನಾನು ಅಚ್ಚುಕಟ್ಟಾಗಿ ಮಾಡಿದ ನೂರು ಕೆಲಸಗಳು ಈಗ ನೆನಪಿಗೆ ಬರುವುದಿಲ್ಲ. ಕೆಡಿಸಿದ ಒಂದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನೇ ಬರೆಯುತ್ತಿದ್ದೇನೆ.

ಆ ಜನವರಿಯಲ್ಲಿ ಡೆನಿಸ್ ಎಂಬವರು ತಮ್ಮ ಹಳೇ ಕಾರಿನಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ತುಂಬಿಕೊಂಡು ಗ್ರಂಥಾಲಯಕ್ಕೆ ಬಂದರು. ವಯಸ್ಸು ಎಪ್ಪತ್ತಾರು, ನಿವೃತ್ತ ಶಾಲಾ ಮೇಷ್ಟ್ರು. ಪೆಟ್ಟಿಗೆ ಇಳಿಸುವಾಗಲೂ ಟೈ ಸಡಿಲಿಸದ ಮನುಷ್ಯ. ಅವರು ಕಡಲಂಚಿನ ಒಂದು ಸಣ್ಣ ಊರಿನ ಸಂಘದ ಕಾರ್ಯದರ್ಶಿ. ಆ ಊರು ಕಾರ್ಕ್ ನಗರದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರ.

ಆ ಸಂಘದ ವಿಚಾರ ಸ್ವಲ್ಪ ಹೇಳಬೇಕು. ಮೊದಲನೆಯ ಮಹಾಯುದ್ಧಕ್ಕೆ ಆ ಊರಿನ ಹುಡುಗರು ಬ್ರಿಟಿಷ್ ಸೈನ್ಯದ ಸಮವಸ್ತ್ರ ತೊಟ್ಟು ಹೋಗಿದ್ದರು; ಐರ್ಲೆಂಡ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಬದುಕಿ ಬಂದವರು ಊರಿಗೆ ಮರಳುವ ಹೊತ್ತಿಗೆ ದೇಶವೇ ಬ್ರಿಟಿಷರ ವಿರುದ್ಧ ಎದ್ದಿತ್ತು. ಅವರಿಗೆ ಹಾರ ತುರಾಯಿ ಹಾಗಿರಲಿ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವವರೂ ಇರಲಿಲ್ಲ. ಪದಕಗಳನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಮಂಚದ ಕೆಳಗೆ ತಳ್ಳಿದರು. ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಒಂದು ಭಾನುವಾರ, ಚರ್ಚಿಗೆ ಸೇರಿದ ಪ್ಯಾರಿಷ್ ಹಾಲಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸೇರುತ್ತಿದ್ದರು. ಭಾಷಣವಿಲ್ಲ, ಬಾವುಟವಿಲ್ಲ. ಒಬ್ಬರು ಪುಸ್ತಕ ತೆರೆದು ಹೆಸರು ಕೂಗುವುದು, ಆ ಹೆಸರಿನವನು ಎದ್ದು ‘ಹಾಜರ್’ ಅನ್ನುವುದು, ಆಮೇಲೆ ಟೀ ಕುಡಿದು ಮನೆಗೆ ಹೋಗುವುದು. ಒಳಗೆ ಏನು ನಡೆಯಿತೆಂದು ಹೆಂಡತಿ ಮಕ್ಕಳಿಗೂ ಹೇಳುತ್ತಿರಲಿಲ್ಲವಂತೆ.

ಅವರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಹಿರಿಯ ಮಗನೋ ಮಗಳೋ ಆ ಜಾಗಕ್ಕೆ ಬಂದರು, ಅವರ ನಂತರ ಮೊಮ್ಮಕ್ಕಳು. ಅಪ್ಪನ ಹೆಸರು ಕೂಗಿದಾಗ ಮಗ ಎದ್ದು ‘ಹಾಜರ್’ ಅನ್ನಬೇಕು. ಹೀಗೆ ಅದು ವಂಶಪಾರಂಪರ್ಯದ ಸಂಘವಾಯಿತು. ದುಡ್ಡು ಕೊಟ್ಟು ಸದಸ್ಯರಾಗುವ ಹಾಗಿಲ್ಲ, ಹುಟ್ಟಿನಿಂದ ಮಾತ್ರ ಬರಬೇಕು. ನಿಯಮದಲ್ಲಿ ಒಂದೇ ಸಾಲು: ಸೈನಿಕನ ನೇರ ಸಂತತಿಗೆ ಮಾತ್ರ ಸದಸ್ಯತ್ವ. 2018ರಲ್ಲಿ ಉಳಿದಿದ್ದವರು ಇಪ್ಪತ್ತಮೂರು ಜನ.

ಆ ವರ್ಷದ ನವೆಂಬರ್ ಹನ್ನೊಂದಕ್ಕೆ ಯುದ್ಧ ಮುಗಿದು ಸರಿಯಾಗಿ ನೂರು ವರ್ಷ. ಅಂದೂ ಭಾನುವಾರವೇ. ಅಷ್ಟರೊಳಗೆ ಸಂಘದ ಇತಿಹಾಸವನ್ನು ಒಂದು ಕಿರುಹೊತ್ತಗೆಯಾಗಿ ಬರೆಯಬೇಕು, ಸದಸ್ಯರ ವಂಶಾವಳಿಯನ್ನು ಡೇಟಾಬೇಸ್ ಮಾಡಬೇಕು, ಪ್ರತಿಯೊಬ್ಬರಿಗೂ ಅವರು ಓಗೊಡಬೇಕಾದ ಸೈನಿಕನ ಹೆಸರು, ಅವನು ಅವರಿಗೆ ಏನಾಗಬೇಕು ಎಂಬುದನ್ನು ಅಚ್ಚು ಹಾಕಿಸಿದ ಒಂದು ಕಾರ್ಡ್ ಕಳಿಸಬೇಕು. ಈ ಮೂರೂ ನನ್ನ ಪಾಲಿಗೆ ಬಂದವು.

ನಾನು ಹೆಮ್ಮೆಯಿಂದಲೇ ಕೆಲಸ ಶುರು ಮಾಡಿದೆ. ಪೆಟ್ಟಿಗೆಗಳಲ್ಲಿ ಟೈಪ್ ಮಾಡಿದ ಒಂದು ರಿಜಿಸ್ಟರ್, ಅದಕ್ಕೂ ಹಿಂದಿನ ಕೈಬರಹದ ಒಂದು ಲೆಜರ್, ಸಭೆಯ ನಡಾವಳಿಗಳು ಇದ್ದವು. ಲೆಜರಿನ ಮೊದಲ ಪುಟದಲ್ಲಿ ‘ಹಳೆಯ ಪುಸ್ತಕದಿಂದ ನಕಲು ಮಾಡಿದ್ದು’ ಎಂದು ದುಂಡಾದ ಅಕ್ಷರದಲ್ಲಿ ಬರೆದಿತ್ತು. ಅಕ್ಷರ ಎಷ್ಟು ಸ್ಫುಟವಾಗಿತ್ತೆಂದರೆ, ಆ ಹಳೆಯ ಪುಸ್ತಕ ಎಲ್ಲಿ ಎಂದು ಕೇಳುವುದಕ್ಕೂ ನನಗೆ ತೋಚಲಿಲ್ಲ. ಮೂಲ ಇರುವಾಗ ನಕಲನ್ನು ನಂಬಬೇಡ ಎನ್ನುವುದು ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಡುವ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳೂ ನಾನೇ.

ಡೇಟಾಬೇಸಿಗಾಗಿ ಒಂದು ಫಾರಂ ಸಿದ್ಧಪಡಿಸಿದೆ. ಸೈನಿಕನ ಹೆಸರು, ಸದಸ್ಯರ ಹೆಸರು, ಇಬ್ಬರಿಗೂ ಸಂಬಂಧ. ಸಂಬಂಧದ ಚೌಕದಲ್ಲಿ ಮೂರೇ ಆಯ್ಕೆ: ತಂದೆ, ತಾತ, ಮುತ್ತಾತ. ಇವುಗಳಲ್ಲಿ ಒಂದನ್ನು ಒತ್ತದೆ ಮುಂದಿನ ಚೌಕಕ್ಕೆ ಹೋಗಲು ಬಿಡುವುದಿಲ್ಲ. ಹಾಗೆ ಮಾಡಿಸಿದ್ದು ತಪ್ಪುಗಳಾಗದಿರಲಿ ಎಂದು.

ಮೇ ತಿಂಗಳ ಒಂದು ಶನಿವಾರ ಸದಸ್ಯರನ್ನು ಮಾತಾಡಿಸಲು ಆ ಊರಿಗೆ ಹೋದೆ. ಪ್ಯಾರಿಷ್ ಹಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರೂ ಬಂದು ಕೂತು ತಮ್ಮ ವಂಶದ ಕಥೆ ಹೇಳಿದರು. ಪಕ್ಕದ ಅಡುಗೆಕೋಣೆಯಿಂದ ಗಂಟೆಗೊಮ್ಮೆ ಟೀ ತಂದುಕೊಡುತ್ತಿದ್ದವರು ಬ್ರೀಡಾ. ವಯಸ್ಸು ಎಂಬತ್ತನಾಲ್ಕು. ಮದುವೆಯಾಗಿರಲಿಲ್ಲ. ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಐವತ್ತು ವರ್ಷಗಳಿಂದ ಸಂಘದ ಟೀ ಅವರದೇ ಕೈಯದು. ಕಾರ್ಕ್ ಕಡೆ ಎಷ್ಟೇ ವಯಸ್ಸಾದ ಹೆಂಗಸನ್ನೂ ‘ಗರ್ಲ್’ ಅಂತಲೇ ಮಾತಾಡಿಸುತ್ತಾರೆ. ಐವತ್ತು ದಾಟಿದ ನನ್ನನ್ನು ಹುಡುಗಿ ಅನ್ನುವವರು ಸಿಕ್ಕರಲ್ಲ ಎಂದು ನನಗೂ ಒಳಗೊಳಗೇ ಖುಷಿ. ಅವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಅದು ಕೇಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಹೋದ ಮೇಲೆ, ಬ್ರೀಡಾ ಕಪ್ಪು ತೊಳೆಯುತ್ತಿದ್ದಾಗ ಕೇಳಿದೆ. “ನಿಮ್ಮ ಹೆಸರು ನನ್ನ ಪಟ್ಟಿಯಲ್ಲಿ ಕಾಣ್ತಿಲ್ವಲ್ಲ?”

“ಯಾವತ್ತೂ ಇರ್ಲಿಲ್ಲ, ಹುಡುಗಿ. ನಾನು ಟೀ ಮಾಡೋಳು.”

“ನಿಮ್ಮ ಮನೆಯಿಂದ ಯಾರೂ ಯುದ್ಧಕ್ಕೆ ಹೋಗಿರ್ಲಿಲ್ವಾ?”

ಅವರು ಕೈ ಒರೆಸಿಕೊಂಡು ಕೈಚೀಲದಿಂದ ಒಂದು ಫೋಟೊ ತೆಗೆದರು. ಟೋಪಿ ಸ್ವಲ್ಪ ದೊಡ್ಡದಾದ ಒಬ್ಬ ಹುಡುಗ. ಹೆಸರು ಟಿಮ್. ಬ್ರೀಡಾ ಅವರ ತಾತನ ತಮ್ಮ, ಮನೆಯ ಕೊನೆಯ ಮಗ. ತಂದೆ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದ್ದು ಈ ಅಣ್ಣನೇ. ಯುದ್ಧಕ್ಕೆ ಹೋದ ಟಿಮ್ ತಿರುಗಿ ಬರಲಿಲ್ಲ. ಗೋರಿಯೂ ಇಲ್ಲ. ಬ್ರೀಡಾ ಚಿಕ್ಕವರಿದ್ದಾಗ ತಾತ ತೊಡೆಯ ಮೇಲೆ ಕೂರಿಸಿಕೊಂಡು ಟಿಮ್‌ನ ಕಥೆ ಹೇಳುತ್ತಿದ್ದರಂತೆ. ಅವನಿಗೆ ಈಜು ಬರುತ್ತಿರಲಿಲ್ಲ, ಅವನು ಸಾಕಿದ ಕತ್ತೆ ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಹೀಗೆ.

“ಹೆಸರು ಕೂಗೋ ಹೊತ್ತಿಗೆ ನಾನು ಅಡುಗೆಕೋಣೆಯಲ್ಲಿ ನಲ್ಲಿ ನಿಲ್ಲಿಸಿಬಿಡ್ತೀನಿ,” ಎಂದರು ಬ್ರೀಡಾ. “ಎಲ್ಲಾ ಹೆಸರೂ ಕೇಳ್ಸುತ್ತೆ. ಅವನದೊಂದು ಬರಲ್ಲ. ಒಂದೇ ಒಂದು ಸಲ ಯಾರಾದ್ರೂ ಅವನ ಹೆಸರು ಕೂಗಿ, ನಾನು ಎದ್ದು ನಿಂತು ಹಾಜರ್ ಅನ್ಬೇಕು ಅಂತ ಆಸೆ. ಕ್ರಿಸ್‌ಮಸ್ ಆದ್ಮೇಲೆ ನಾನು ಡಬ್ಲಿನ್‌ನ ಬ್ಲಾಂಚರ್ಡ್ಸ್‌ಟೌನ್‌ನಲ್ಲಿರೋ ತಂಗಿ ಮಗಳ ಮನೆಗೆ ಹೋಗಿಬಿಡ್ತೀನಿ. ಅಲ್ಲಿಂದ ಮತ್ತೆ ಇಷ್ಟು ದೂರ ಬರೋಕೆ ನನ್ನ ಕಾಲು ಕೇಳಲ್ಲ.”

ನನಗೆ ಸಿಟ್ಟು ಬಂತು. ಐವತ್ತು ವರ್ಷ ಈ ಹೆಂಗಸಿನ ಕೈಯ ಟೀ ಕುಡಿದವರಿಗೆ ಇವರನ್ನು ಪಟ್ಟಿಗೆ ಸೇರಿಸಬೇಕೆಂದು ಹೊಳೆಯಲೇ ಇಲ್ಲವಲ್ಲ ಎಂದುಕೊಂಡು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಸಂಬಂಧದ ಚೌಕ ಬಂತು. ತಂದೆ, ತಾತ, ಮುತ್ತಾತ. ನಾನು ಒಂದು ಕ್ಷಣವೂ ತಡೆಯದೆ ‘ತಾತ’ ಒತ್ತಿದೆ.

ಯಾಕೆ ಒತ್ತಿದೆ ಎಂದರೆ, ನಮ್ಮ ಮನೆಯಲ್ಲಿ ಇಬ್ಬರು ತಾತಂದಿರಿದ್ದರು. ದೊಡ್ಡ ತಾತ ನನ್ನ ತಂದೆಯ ತಂದೆ, ಚಿಕ್ಕ ತಾತ ಅವರ ತಮ್ಮ. ಚಿಕ್ಕ ತಾತನಿಗೆ ಮಕ್ಕಳಿರಲಿಲ್ಲ. ಅವರು ಹೋದಾಗ ಕೊಳ್ಳಿ ಇಟ್ಟವರು ನನ್ನ ತಂದೆ, ವರ್ಷ ವರ್ಷ ಶ್ರಾದ್ಧ ಮಾಡಿದವರೂ ಅವರೇ. ಒಬ್ಬರು ಸ್ವಂತ, ಇನ್ನೊಬ್ಬರು ಪಕ್ಕದವರು ಎಂಬ ಯೋಚನೆಯೇ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ತಾತನ ತಮ್ಮ ತಾತನಲ್ಲದೆ ಇನ್ನೇನು?

“ಇಷ್ಟು ಸಾಕಾಗುತ್ತಾ?” ಎಂದು ಬ್ರೀಡಾ ಕೇಳಿದರು.

“ಧಾರಾಳವಾಯ್ತು,” ಎಂದೆ.

ಸೆಪ್ಟೆಂಬರಿನಲ್ಲಿ ಕಾರ್ಡುಗಳು ಅಚ್ಚಾಗಿ ಬಂದವು. ಇಪ್ಪತ್ತನಾಲ್ಕು ಕಾರ್ಡು ಅಂಚೆಗೆ ಹಾಕಿ, ಆ ಕೆಲಸ ಮುಗಿಯಿತೆಂದು ಹೊತ್ತಗೆಯ ಕರಡು ತಿದ್ದುತ್ತ ಕೂತೆ.

ಅಕ್ಟೋಬರ್ ಮೊದಲ ವಾರ ಡೆನಿಸ್ ಫೋನ್ ಮಾಡಿದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. “ಬ್ರೀಡಾ ನಿನ್ನೆ ಅಂಗಡಿಯಲ್ಲಿ ಒಂದು ಕಾರ್ಡ್ ತೋರಿಸಿದ್ರು. ಅರ್ಧ ಊರಿಗೇ ತೋರಿಸಿದಾರೆ. ಅದರಲ್ಲಿ ಟಿಮ್ ಅವರ ತಾತ ಅಂತ ಇದೆ. ಟಿಮ್‌ಗೆ ಮದುವೇನೇ ಆಗಿರ್ಲಿಲ್ಲ, ಮೇಡಂ. ಅವನು ಸತ್ತಾಗ ಇಪ್ಪತ್ತು ವರ್ಷ. ಅವನಿಗೆ ನೇರ ಸಂತತಿ ಅಂತ ಯಾರೂ ಇಲ್ಲ.”

ನಾನು ಇಂಗು ತಿಂದ ಮಂಗನ ಹಾಗೆ ಫೋನ್ ಹಿಡಿದು ಕೂತೆ. ಆಮೇಲೆ ನಮ್ಮಲ್ಲಿ ಹೀಗೆ, ತಾತನ ತಮ್ಮನೂ ತಾತನೇ, ಎಂದು ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಅದು ಒಳ್ಳೇ ಪದ್ಧತಿ,” ಎಂದರು. “ಆದ್ರೆ ನಮ್ಮ ಸಂಘದ್ದು ಅದಲ್ಲ. ನನ್ನ ಸ್ವಂತ ಷಡ್ಡಕನನ್ನೇ ನಾನು ಸೇರಿಸಿಲ್ಲ. ಒಬ್ಬರಿಗೆ ಬಾಗಿಲು ತೆರೆದ್ರೆ ನಾಳೆ ಇಡೀ ಕೌಂಟಿಗೆ ತೆರೀಬೇಕು. ಕಾರ್ಡು ವಾಪಸ್ ತಗೋಬೇಕಾಗುತ್ತೆ. ಕಳಿಸಿದವರು ನೀವು, ನೀವೇ ಹೇಳಬೇಕು.”

ಆ ಸಂಜೆ ಮನೆಯಲ್ಲಿ ಅನ್ನ ಬಡಿಸುತ್ತ ವಿಷಯ ಹೇಳಿದೆ. ಇಲ್ಲೇ ಹುಟ್ಟಿದ ನಮ್ಮ ಮಗಳು ಅನನ್ಯಾಗೆ ಆಗ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್‌ನ ರಾಗದ ಇಂಗ್ಲಿಷಿನಲ್ಲಿ. “ಅಮ್ಮ, ದ್ಯಾಟ್ಸ್ ಹರ್ ಗ್ರ್ಯಾಂಡ್ ಅಂಕಲ್, ಲೈಕ್. ಯೂ ಕಾಂಟ್ ಜಸ್ಟ್ ಪ್ರಮೋಟ್ ಹಿಮ್,” ಎಂದಳು. ತಾತನ ತಮ್ಮನಿಗೆ ನಾನು ತಾತನಾಗಿ ಬಡ್ತಿ ಕೊಟ್ಟೆನಂತೆ. ನಗು ಬರಲಿಲ್ಲ.

ಸುರೇಶ್ ಮಜ್ಜಿಗೆ ಕಲಸಿಕೊಳ್ಳುತ್ತ, “ನಮ್ಮ ಪ್ಲಾಂಟ್‌ನಲ್ಲಿ ಹೀಗಾದ್ರೆ ಡೀವಿಯೇಷನ್ ರಿಪೋರ್ಟ್ ಅಂತ ಬರೀತೀವಿ. ಏನಾಯ್ತು, ಯಾಕಾಯ್ತು, ಅದಕ್ಕೂ ಹಿಂದೆ ಇನ್ನೇನು ತಪ್ಪಾಗಿತ್ತು, ಎಲ್ಲಾ. ಮುಚ್ಚಿಟ್ರೆ ಮಾತ್ರ ಕೆಲಸ ಹೋಗುತ್ತೆ. ನೀನು ಹೋಗಿ ಆಯಮ್ಮಂಗೆ ಹೇಳು, ಫೋನಲ್ಲಿ ಬೇಡ,” ಎಂದರು.

ಬ್ರೀಡಾ ಅವರ ಮನೆ ಪ್ಯಾರಿಷ್ ಹಾಲಿನಿಂದ ಹತ್ತು ನಿಮಿಷದ ನಡಿಗೆ. ನಾನು ಬರುತ್ತೇನೆಂದು ತಿಳಿಸಿದ್ದರಿಂದ ಬ್ರೌನ್ ಬ್ರೆಡ್ ಮಾಡಿಟ್ಟಿದ್ದರು. ಒಲೆಯ ಮೇಲಿನ ಹಲಗೆಯಲ್ಲಿ, ಗಡಿಯಾರಕ್ಕೆ ಒರಗಿಸಿ, ಆ ಕಾರ್ಡು ಇತ್ತು. ಹೊಸ ಕೋಟು ಕೂಡ ತಂದಿದ್ದರು, ನವೆಂಬರಿಗೆಂದು. ನಾನು ಬೆಣ್ಣೆ ಸವರಿದ ಬ್ರೆಡ್ಡನ್ನು ಮುಟ್ಟದೆ, ತಪ್ಪು ನನ್ನದು, ನೀವು ಸರಿಯಾಗಿಯೇ ಹೇಳಿದ್ದಿರಿ, ನಾನೇ ತಪ್ಪಾಗಿ ಬರೆದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಬ್ರೀಡಾ ಎದ್ದು ಹೋಗಿ ಕಾರ್ಡು ತಂದು ನನ್ನ ಕೈಗೆ ಕೊಟ್ಟರು. “ಪರವಾಗಿಲ್ಲ, ಗ್ರ್ಯಾಂಡ್,” ಎಂದರು. ಇಲ್ಲಿಯ ಜನ ಕಾಲು ಮುರಿದರೂ ಗ್ರ್ಯಾಂಡ್, ಎಲ್ಲಾ ಚೆನ್ನಾಗಿದೆ, ಎನ್ನುತ್ತಾರೆ. ಆಮೇಲೆ, ದೂರುವ ದನಿಯಲ್ಲಲ್ಲ, ನಿಜವಾಗಿಯೂ ಉತ್ತರ ತಿಳಿಯಬೇಕೆನ್ನುವವರ ಹಾಗೆ ಕೇಳಿದರು. “ಅವನಿಗೆ ಇಪ್ಪತ್ತು ವರ್ಷ, ಹುಡುಗಿ. ಮೊಮ್ಮಕ್ಕಳಾಗೋಕೆ ಅವನಿಗೆ ಟೈಮ್ ಎಲ್ಲಿತ್ತು?”

ವಾಪಸು ಬರುವ ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ನೇರ ಸಂತತಿಗೆ ಮಾತ್ರ ಎಂದರೆ ಏನರ್ಥ? ಬದುಕಿ ಬಂದವರಿಗೆ ಮಕ್ಕಳಾದರು, ಮೊಮ್ಮಕ್ಕಳಾದರು, ಅವರ ಹೆಸರಿಗೆ ಓಗೊಡುವವರು ಇದ್ದಾರೆ. ಹದಿನೆಂಟಕ್ಕೆ, ಇಪ್ಪತ್ತಕ್ಕೆ ಸತ್ತ ಹುಡುಗರಿಗೆ ಯಾರಿದ್ದಾರೆ? ಯುದ್ಧದ ನೆನಪಿಗೆಂದೇ ಇರುವ ಸಂಘದಲ್ಲಿ ಯುದ್ಧದಲ್ಲಿ ಸತ್ತವರಿಗೆ ಜಾಗವಿಲ್ಲ. ಒಂಬತ್ತು ತಿಂಗಳು ಆ ಕಾಗದಗಳ ಜೊತೆ ಬದುಕಿದ ನನಗೆ ಇದು ಕಂಡಿರಲಿಲ್ಲ. ಲಿಟಲ್ ಐಲ್ಯಾಂಡ್ ದಾಟುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಆ ಕಾರ್ಡು ನನ್ನ ಚೀಲದಲ್ಲಿತ್ತು.

ಅದಕ್ಕೂ ಹಿಂದೆ ಇನ್ನೇನು ತಪ್ಪಾಗಿತ್ತು ಎಂದು ಸುರೇಶ್ ಹೇಳಿದ್ದು ತಲೆಯಲ್ಲಿತ್ತು. ಮರುದಿನ ಲೆಜರ್ ಮತ್ತೆ ತೆರೆದೆ. ‘ಹಳೆಯ ಪುಸ್ತಕದಿಂದ ನಕಲು ಮಾಡಿದ್ದು’ ಎಂಬ ಸಾಲು ಈಗ ಮುಖಕ್ಕೆ ಹೊಡೆದ ಹಾಗೆ ಕಂಡಿತು. ಡೆನಿಸ್ ಅವರಿಗೆ ಫೋನ್ ಮಾಡಿ ಮೂಲ ಪುಸ್ತಕ ಎಲ್ಲಿದೆ ಎಂದು ಕೇಳಿದೆ.

“ನಮ್ಮ ಮನೇಲೇ ಎಲ್ಲೋ ಇರ್ಬೇಕು. ನಮ್ಮ ತಂದೆ ಇಟ್ಟಿದ್ರು. ನಕಲಲ್ಲಿ ಇರೋದೇ ಅದರಲ್ಲೂ ಇರೋದು, ಬರೀ ಗೀಚು.”

“ಆದ್ರೂ ಒಂದ್ಸಲ ನೋಡ್ಬೇಕು, ಸರ್. ಮೊದಲೇ ನೋಡ್ಬೇಕಿತ್ತು.”

ಮುಂದಿನ ಗುರುವಾರ ಅವರು ಅದನ್ನು ಒಂದು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ತಂದರು. ರಟ್ಟು ಸಡಿಲವಾಗಿತ್ತು, ಅಂಚಿಗೆ ತೇವ ಹತ್ತಿತ್ತು. ಹಳೇ ರಟ್ಟಿಗೆ ಆಸರೆಯಾಗಿ ಮೇಜಿನ ಮೇಲೆ ಫೋಮಿನ ದಿಂಬಿಟ್ಟು, ಪುಸ್ತಕ ತೆರೆದು, ಇಬ್ಬರೂ ಅಕ್ಕಪಕ್ಕ ಕೂತೆವು.

ಪ್ರತಿ ಸಾಲಿನಲ್ಲೂ ಎರಡು ಹೆಸರಿದ್ದವು.

ಎಡಗಡೆಯ ಹೆಸರುಗಳು ನನಗೆ ಬಾಯಿಪಾಠವಾಗಿದ್ದವು. ಬದುಕಿ ಬಂದ ನಲವತ್ತೊಂದು ಜನ. ಬಲಗಡೆಯ ಹೆಸರುಗಳನ್ನು ನಾನು ರಿಜಿಸ್ಟರಿನಲ್ಲಾಗಲಿ ಲೆಜರಿನಲ್ಲಾಗಲಿ ಕಂಡಿರಲಿಲ್ಲ. ಮೊದಲ ಪುಟಕ್ಕೆ ತಿರುಗಿಸಿದಾಗ ಮೊದಲ ಸಭೆಯ ನಡಾವಳಿ ನಾಲ್ಕು ಸಾಲಿನಲ್ಲಿತ್ತು. ಸಾರಾಂಶ ಇಷ್ಟು: ಇಲ್ಲಿ ಹಾಜರಿರುವ ಪ್ರತಿಯೊಬ್ಬನೂ ತನ್ನ ಹೆಸರಿಗೊಂದು ಸಲ, ಯುದ್ಧದಿಂದ ಮರಳಿ ಬರಲಾಗದೆ ಹೋದ ಒಬ್ಬನ ಹೆಸರಿಗೊಂದು ಸಲ ಓಗೊಡತಕ್ಕದ್ದು. ತಮಗೆ ಹತ್ತಿರವಿದ್ದವನ ಹೆಸರನ್ನು ಒಬ್ಬೊಬ್ಬರೂ ತಾವೇ ಬರೆದುಕೊಂಡಿದ್ದರು. ಪಕ್ಕದ ಹೊಲದವನು, ಒಂದೇ ಬೆಂಚಿನಲ್ಲಿ ಕೂತವನು, ಒಟ್ಟಿಗೆ ಹೊರಟವನು.

ಹಾಗಾದರೆ ಆ ಹೆಸರುಗಳು ಎಲ್ಲಿ ಹೋದವು? ಕೊನೆಯ ಪುಟದಲ್ಲಿ ಅದಕ್ಕೂ ಉತ್ತರವಿತ್ತು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಪುಸ್ತಕ ತುಂಬಿತ್ತು. ಹೊಸ ಲೆಜರ್ ತಂದರು. ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಒಂದು ಸಾಲಿಗೆ ಒಂದೇ ಹೆಸರಿನ ಕಾಲಂ ಇತ್ತು. ‘ಎರಡನೆಯ ಹೆಸರುಗಳನ್ನು ಪ್ರತ್ಯೇಕ ಹಾಳೆಯಲ್ಲಿ ನಂತರ ಬರೆಯಲಾಗುವುದು’ ಎಂದು ನಕಲು ಮಾಡಿದವನು ಟಿಪ್ಪಣಿ ಹಾಕಿದ್ದ. ಯಾವ ದೇಶದ ಕಚೇರಿಯಲ್ಲಿ ಕೆಲಸ ಮಾಡಿದವರಿಗೂ ‘ನಂತರ ಬರೆಯಲಾಗುವುದು’ ಎಂಬುದರ ಅರ್ಥ ಗೊತ್ತು. ಆ ಹಾಳೆ ಹುಟ್ಟಲೇ ಇಲ್ಲ. ಹಳಬರು ಬದುಕಿರುವವರೆಗೆ ಬಾಯಿಂದಲೇ ಹೇಳಿಕೊಂಡಿರಬೇಕು. ಅವರು ಹೋದ ಮೇಲೆ ಮಕ್ಕಳು ಪುಸ್ತಕದಲ್ಲಿದ್ದಷ್ಟನ್ನೇ ಪಡೆದರು. ನೇರ ಸಂತತಿಯ ನಿಯಮ ಆಮೇಲೆ ಬಂದದ್ದು.

ನಾನು ಇದನ್ನು ಓದಿ ಮುಗಿಸುವಷ್ಟರಲ್ಲಿ ಡೆನಿಸ್ ಹೆಸರುಗಳ ಪುಟಕ್ಕೆ ಮರಳಿದ್ದರು. ಅವರ ಬೆರಳು ಹದಿನೇಳನೆಯ ಸಾಲಿನಲ್ಲಿ ನಿಂತಿತ್ತು. ಎಡಗಡೆ ಅವರ ತಾತನ ಹೆಸರು, ಬಲಗಡೆ ಟಿಮ್‌ನ ಹೆಸರು. ಅವರ ತಾತನ ಹೊಲ, ಬ್ರೀಡಾ ಅವರ ತಾತನ ಹೊಲ, ಎರಡಕ್ಕೂ ನಡುವೆ ಒಂದು ಕಲ್ಲುಗೋಡೆ ಮಾತ್ರವಂತೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೂವತ್ತೆಂಟು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದೀನಿ,” ಎಂದರು. “ಒಂದು ಮಗು ಬರ್ಲಿಲ್ಲ ಅಂದ್ರೆ ಮಧ್ಯಾಹ್ನದೊಳಗೆ ಮನೆಗೆ ಹೇಳಿಕಳಿಸ್ತಿದ್ದೆ. ಈ ಹುಡುಗನ್ನ ಪುಸ್ತಕದಿಂದ ಬಿಟ್ಟು ಎಪ್ಪತ್ತು ವರ್ಷದ ಮೇಲಾಯ್ತು, ನಾವು ಕೂಗೇ ಇಲ್ಲ.”

ಎದ್ದು ಹೊರಡುವಾಗ, “ಆ ಕಾರ್ಡ್ ಹರಿದುಹಾಕಿದ್ರಾ?” ಎಂದು ಕೇಳಿದರು.

“ಇಲ್ಲ.”

“ಹರೀಬೇಡಿ. ತಾತ ಅನ್ನೋದು ತಿದ್ದಿ.”

ನಿಯಮ ಮುರಿಯುವ ಮನುಷ್ಯ ಅವರಲ್ಲ. ಅಕ್ಟೋಬರ್ ಕೊನೆಯಲ್ಲಿ ಐದು ಜನರ ಸಮಿತಿ ಕರೆದು ಮೂಲ ಪುಸ್ತಕವನ್ನು ಮೇಜಿನ ಮೇಲಿಟ್ಟರು. ನನ್ನನ್ನೂ ಕರೆಸಿದ್ದರು. ನನ್ನ ತಪ್ಪನ್ನು ನಾನೇ ಓದಿ ಹೇಳಿದೆ, ಸುರೇಶ್ ಹೇಳಿದ ಡೀವಿಯೇಷನ್ ರಿಪೋರ್ಟಿನ ಹಾಗೆಯೇ. ಸಮಿತಿಯ ಒಬ್ಬರು, ರಕ್ತಸಂಬಂಧ ಬಿಟ್ಟರೆ ಸಂಘದಲ್ಲಿ ಉಳಿಯುವುದೇನು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಡೆನಿಸ್ ಪುಸ್ತಕದ ಹದಿನೇಳನೆಯ ಸಾಲನ್ನು ತೋರಿಸಿದರು. “ರಕ್ತಸಂಬಂಧ ಬಿಡಿ ಅಂತ ನಾನು ಹೇಳ್ತಿಲ್ಲ. ನನ್ನ ತಾತ ನನಗೆ ಎರಡು ಹೆಸರು ಬಿಟ್ಟುಹೋಗಿದಾರೆ. ನಾನು ಒಂದನ್ನ ಮಾತ್ರ ತಗೊಂಡಿದೀನಿ. ಇನ್ನೊಂದು ನನ್ನದೇ ಜವಾಬ್ದಾರಿ. ಅದನ್ನ ಆ ಹುಡುಗನ ಮನೆಯವರಿಗೇ ಒಪ್ಪಿಸೋ ಹಕ್ಕೂ ನನಗಿದೆ ಅಂದ್ಕೋತೀನಿ.”

ಹಾಗೆಯೇ ತೀರ್ಮಾನವಾಯಿತು. ಎರಡನೆಯ ಹೆಸರುಗಳು ಪುಸ್ತಕಕ್ಕೆ ಮರಳಿ ಬರಬೇಕು. ಮೊದಲ ಹೆಸರಿನ ವಾರಸುದಾರ ಎರಡನೆಯದಕ್ಕೂ ಓಗೊಡಬೇಕು, ಅಥವಾ ಸತ್ತವನ ಕಡೆಯವರು ಸಿಕ್ಕರೆ ಬರಹದಲ್ಲಿ ಅವರಿಗೆ ಒಪ್ಪಿಸಬೇಕು. ಒಪ್ಪಿಸಿದ ಮೊದಲ ಕಾಗದ ಡೆನಿಸ್ ಅವರದು. ಅದನ್ನು ತಿದ್ದಿದ ಕಾರ್ಡಿನ ಜೊತೆ ಅವರೇ ಕೈಯಾರೆ ಬ್ರೀಡಾ ಅವರ ಮನೆಗೆ ತೆಗೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರ್ ಹನ್ನೊಂದರ ಬೆಳಗ್ಗೆ ನಾವು ಮೂವರೂ ಆ ಊರಿಗೆ ಹೋದೆವು. ಸುರೇಶ್ ಮತ್ತು ಅನನ್ಯಾ ಅಡುಗೆಕೋಣೆಯಲ್ಲಿ ಟೀಗೆ ನೀರಿಟ್ಟರು. ಆ ದಿನ ಟೀ ಮಾಡಲು ಬೇರೆಯವರು ಬೇಕಿತ್ತು. ಹಿಂದಿನ ಕೋಣೆಯಲ್ಲಿ ಮರದ ಕುರ್ಚಿಗಳು ಸಾಲಾಗಿದ್ದವು. ಬ್ರೀಡಾ ಮೂರನೆಯ ಸಾಲಿನ ಕೊನೆಯಲ್ಲಿ, ಆ ಹೊಸ ಕೋಟು ತೊಟ್ಟು ಕೂತಿದ್ದರು. ಐವತ್ತು ವರ್ಷ ಬಾಗಿಲಾಚೆಯಿಂದ ಕೇಳಿದವರು ಮೊದಲ ಸಲ ಒಳಗೆ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತೆ.

ಡೆನಿಸ್ ಪುಸ್ತಕ ತೆರೆದರು, ಮೂಲ ಪುಸ್ತಕವನ್ನೇ. ಪ್ರತಿ ಸಾಲಿನ ಎರಡೂ ಹೆಸರು ಕೂಗಿದರು. ಮೊದಲ ಹೆಸರಿಗೆ ‘ಹಾಜರ್’ ಎಂದು ಅಭ್ಯಾಸದ ದನಿ ಬರುತ್ತಿತ್ತು. ಎರಡನೆಯದಕ್ಕೆ ಅದೇ ಜನ ಸ್ವಲ್ಪ ತಡವರಿಸಿ, ಮೆಲ್ಲಗೆ, ಹೊಸ ನೆಂಟರನ್ನು ಮಾತಾಡಿಸುವ ಹಾಗೆ ‘ಹಾಜರ್’ ಎನ್ನುತ್ತಿದ್ದರು. ವಾರಸುದಾರರೇ ಉಳಿಯದ ಹದಿನೆಂಟು ಸಾಲುಗಳಿಗೆ ಎಲ್ಲರೂ ಒಟ್ಟಾಗಿ ಹೇಳಿದರು. ಹದಿನೇಳನೆಯ ಸಾಲು ಬಂತು. ತಮ್ಮ ತಾತನ ಹೆಸರನ್ನು ಡೆನಿಸ್ ತಾವೇ ಕೂಗಿ ತಾವೇ ಓಗೊಟ್ಟರು. ಆಮೇಲೆ ಟಿಮ್‌ನ ಹೆಸರು ಕೂಗಿದರು.

ಬ್ರೀಡಾ ಎದ್ದು ನಿಂತರು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. ಬಾಯಿ ತೆರೆಯಿತು, ದನಿ ಬರಲಿಲ್ಲ.

ಡೆನಿಸ್ ಕಾದರು. ಮತ್ತೊಮ್ಮೆ, ಅಷ್ಟೇ ಸ್ಪಷ್ಟವಾಗಿ, ಹೆಸರು ಕೂಗಿದರು. ಅಡುಗೆಕೋಣೆಯಲ್ಲಿ ಯಾರೋ ನಲ್ಲಿ ನಿಲ್ಲಿಸಿದರು.

“ಅವನು ಬರ್ಲಿಲ್ಲ,” ಎಂದರು ಬ್ರೀಡಾ. “ನಾನು ಬಂದಿದೀನಿ.”

ಕಟ್ಟುನಿಟ್ಟಿನ ಡೆನಿಸ್ ‘ಹಾಜರ್ ಅನ್ನಬೇಕು’ ಎಂದು ತಿದ್ದಲಿಲ್ಲ. ಬಹಳ ನಿಧಾನವಾಗಿ ಆ ಸಾಲಿನ ಮುಂದೆ ಒಂದು ಗುರುತು ಹಾಕಿ, ಹದಿನೆಂಟನೆಯ ಸಾಲಿಗೆ ಹೋದರು.

ಬ್ರೀಡಾ ಜನವರಿಯಲ್ಲಿ ಬ್ಲಾಂಚರ್ಡ್ಸ್‌ಟೌನ್‌ಗೆ ಹೋದರು. ಮತ್ತೆ ಎರಡು ವರ್ಷ ಬದುಕಿದ್ದರು. ಅವರ ತಂಗಿಯ ಮಗಳು ಈಗ ಪ್ರತಿ ನವೆಂಬರ್ ಬಸ್ಸಿನಲ್ಲಿ ಬಂದು ಓಗೊಟ್ಟು ಹೋಗುತ್ತಾಳೆ ಎಂದು ಡೆನಿಸ್ ಬರೆದಿದ್ದರು. ಸಂಘದ ಇತಿಹಾಸದ ಕಿರುಹೊತ್ತಗೆಯನ್ನು ನಾನು ಮೊದಲ ಪುಟದಿಂದ ಮತ್ತೆ ಬರೆದೆ. ನನ್ನ ತಪ್ಪಿನ ಬಗ್ಗೆಯೂ ಅದರಲ್ಲಿ ಒಂದು ಪ್ಯಾರಾ ಸೇರಿಸಿದೆ.

ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಕಾಗದದಲ್ಲಿ ಇರುವುದನ್ನು ಓದುವುದು ಕಷ್ಟವಲ್ಲ, ಯಾವುದಕ್ಕೆ ಜಾಗ ಸಾಲದೆ ಹೊರಗುಳಿಯಿತು ಎಂದು ಕೇಳುವುದು ಕಷ್ಟ. ಅಂದಿನಿಂದ ನಿವೃತ್ತಳಾಗುವವರೆಗೆ ನಾನು ಮಾಡಿದ ಪ್ರತಿ ಫಾರಂನ ಕೊನೆಯಲ್ಲೂ ತಲೆಬರಹವಿಲ್ಲದ ಒಂದು ಖಾಲಿ ಸಾಲು ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಬೇಕು ಎಂದು ಹೊಸ ಹುಡುಗಿಯರು ಕೇಳುತ್ತಿದ್ದರು. ಬರೆಯಬೇಕಾದವರು ಬಂದಾಗ ಅವರಿಗೇ ಗೊತ್ತಿರುತ್ತದೆ ಎನ್ನುತ್ತಿದ್ದೆ.